ಶಿಖರಜಿಯ ವ್ಯಾಜ್ಯಕ್ಕಾಗಿ ಬಂಗಾಳಿ ಕಲಿತ ವೀರಚಂದ್ ಗಾಂಧಿ

ಶ್ರೀ ಸಮ್ಮೇದ ಶಿಖರಜಿಯ ಯಾತ್ರೆ ಮಾಡಿ ಬಂದ ಪ್ರತಿಯೊಂದು ಜೈನ ಕುಟುಂಬವೂ ನೆನೆಯಬೇಕಾದ ಹೆಸರು ವೀರಚಂದ್ ರಾಘವ್‌ಜಿ ಗಾಂಧಿ. 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಜೈನ ಧರ್ಮದ ಪರವಾಗಿ ಮಾತನಾಡಿದವರೆಂದು ಅವರನ್ನು ಅನೇಕರು ಬಲ್ಲರು. ಆದರೆ ಅದಕ್ಕೂ ಮೊದಲು ತೀರ್ಥಕ್ಷೇತ್ರಗಳ ವ್ಯಾಜ್ಯಗಳಿಗಾಗಿ ಅವರು ದುಡಿದ ವಿಷಯ ತಿಳಿದವರು ಕಡಿಮೆ.

ವೀರಚಂದ್ ಹುಟ್ಟಿದ್ದು 1864ರ ಆಗಸ್ಟ್ 25ರಂದು, ಗುಜರಾತಿನ ಭಾವನಗರದ ಬಳಿಯ ಮಹುವಾದಲ್ಲಿ. ಶ್ವೇತಾಂಬರ ಜೈನ ವ್ಯಾಪಾರಿ ಮನೆತನ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1884ರಲ್ಲಿ ಪದವಿ ಪಡೆದರು. ಮರುವರ್ಷ, ಕೇವಲ 21ರ ವಯಸ್ಸಿನಲ್ಲಿ, ಭಾರತೀಯ ಜೈನ ಸಂಘದ ಗೌರವ ಕಾರ್ಯದರ್ಶಿಯಾದರು.

ಆಗ ಎದುರಾದದ್ದು ಪಾಲಿತಾಣದ ತೊಂದರೆ. ಶತ್ರುಂಜಯ ಬೆಟ್ಟಕ್ಕೆ ಹೋಗುವ ಯಾತ್ರಿಕರಿಂದ ಅಲ್ಲಿನ ಸಂಸ್ಥಾನವು ತಲೆಗಂದಾಯ ವಸೂಲು ಮಾಡುತ್ತಿತ್ತು. ವೀರಚಂದ್ ಮುಂಬಯಿ ಗವರ್ನರ್ ಲಾರ್ಡ್ ರೇ ಹಾಗೂ ಕಾಠಿಯಾವಾಡದ ಪೊಲಿಟಿಕಲ್ ಏಜೆಂಟ್ ಕರ್ನಲ್ ವಾಟ್ಸನ್ ಅವರ ಮುಂದೆ ಸಮಾಜದ ಅಹವಾಲನ್ನು ಇಟ್ಟರು. 1886ರಲ್ಲಿ ರಾಜಿಯಾಯಿತು. ತಲೆಗಂದಾಯ ನಿಂತು, ಅದರ ಬದಲಿಗೆ ವರ್ಷಕ್ಕೆ 15,000 ರೂಪಾಯಿಯನ್ನು 40 ವರ್ಷ ಕೊಡುವುದೆಂದು ಗೊತ್ತಾಯಿತು.

ಇದಕ್ಕಿಂತ ಕಠಿಣವಾದದ್ದು ಶಿಖರಜಿಯ ಪ್ರಕರಣ. 20 ತೀರ್ಥಂಕರರು ಮೋಕ್ಷ ಹೊಂದಿದ ಆ ಪವಿತ್ರ ಬೆಟ್ಟದ ಮೇಲೆ ಬೊಡ್ಡಮ್ ಎಂಬ ಆಂಗ್ಲನು ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆ ಆರಂಭಿಸಿದ್ದನು. ದಿಗಂಬರ, ಶ್ವೇತಾಂಬರ ಎನ್ನದೆ ಸಮಸ್ತ ಜೈನರ ಮನಸ್ಸು ನೊಂದಿತು. ಕೆಳಗಿನ ಕೋರ್ಟಿನಲ್ಲಿ ಜೈನರಿಗೆ ಸೋಲಾಯಿತು.

ಮೇಲಿನ ಕೋರ್ಟಿಗೆ ಹೋಗಬೇಕಾದರೆ ಭಕ್ತಿಯೊಂದೇ ಸಾಲದು, ಬೆಟ್ಟದ ಮೇಲೆ ಜೈನರಿಗಿರುವ ಹಕ್ಕಿಗೆ ದಾಖಲೆ ಬೇಕು. ಶಿಖರಜಿ ಆಗ ಬಂಗಾಳ ಪ್ರಾಂತ್ಯದಲ್ಲಿತ್ತು. ದಾಖಲೆಗಳನ್ನು ಓದಲು ಬಂಗಾಳಿ ಬರಬೇಕು. ವೀರಚಂದ್ ಕಲ್ಕತ್ತೆಗೆ ಹೋಗಿ ಆರು ತಿಂಗಳು ನಿಂತು ಆ ಭಾಷೆಯನ್ನು ಕಲಿತರು. ಹಳೆಯ ಕಾಗದಪತ್ರಗಳನ್ನು ತಾವೇ ಓದಿ ಪರಿಶೀಲಿಸಿ ಮೇಲ್ಮನವಿಗೆ ಆಧಾರ ಒದಗಿಸಿದರು. ಕಡೆಗೆ ಜೈನರಿಗೆ ಜಯವಾಗಿ ಕಾರ್ಖಾನೆ ಮುಚ್ಚಿತು.

ಈ ಕಾಲದಲ್ಲಿ ಅವರು ಮುಂಬಯಿಯಲ್ಲಿ ಸಾಲಿಸಿಟರ್ ಪರೀಕ್ಷೆಗೂ ಓದುತ್ತಿದ್ದರು. ವಿಲಾಯತಿಯಿಂದ ಆಗತಾನೆ ಬಂದಿದ್ದ ಯುವ ಬ್ಯಾರಿಸ್ಟರ್ ಮೋಹನದಾಸ ಗಾಂಧಿಯವರಿಗೆ ಅವರು ಆಪ್ತರಾಗಿದ್ದರು. ಪಿರೋಜ್ ಶಾ ಮೆಹತಾ ಸಾಕ್ಷ್ಯ ಕಾಯ್ದೆಯನ್ನು ಹೇಗೆ ಬಾಯಿಪಾಠ ಮಾಡಿದ್ದರೆಂದು ಅವರಿಗೆ ಹೇಳಿದವರು ವೀರಚಂದ್. ಮಹಾತ್ಮರು ತಮ್ಮ ಆತ್ಮಕಥೆಯಲ್ಲಿ ಈ ಗೆಳೆತನವನ್ನು ನೆನೆದಿದ್ದಾರೆ.

ಮುಂದೆ ಆಚಾರ್ಯ ಆತ್ಮಾರಾಮ್‌ಜಿಯವರ ಪ್ರತಿನಿಧಿಯಾಗಿ ಚಿಕಾಗೋಗೆ ಹೋದರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಜೈನ ತತ್ತ್ವವನ್ನು ಬೋಧಿಸಿದರು. 1896-97ರ ಬರಗಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಧಾನ್ಯ ಕಳುಹಿಸಿಕೊಟ್ಟರು. ಆದರೆ ಆಯುಷ್ಯ ಕಡಿಮೆಯಿತ್ತು. 1901ರ ಆಗಸ್ಟ್ 7ರಂದು, 37 ವರ್ಷ ತುಂಬುವ ಮೊದಲೇ, ತೀರಿಕೊಂಡರು. 2002ರಲ್ಲಿ ಭಾರತ ಸರ್ಕಾರವು ಅವರ ಅಂಚೆಚೀಟಿ ಹೊರಡಿಸಿತು.

ನಮ್ಮ ಊರಿನ ಬಸದಿಗಳ ದಾನಪತ್ರ, ಪಹಣಿ, ಶಾಸನಗಳ ಪ್ರತಿ ಇಂದು ಯಾರ ಬಳಿ ಇವೆ? ಗೆದ್ದಲು ಹಿಡಿಯುವ ಮೊದಲು ಅವನ್ನು ಹುಡುಕಿ, ಓದಿ, ಜೋಪಾನ ಮಾಡುವುದೇ ವೀರಚಂದ್‌ರಿಗೆ ಸಲ್ಲಿಸುವ ನಿಜವಾದ ಗೌರವ.