ಕಮಲಾದೇವಿಯವರು ಸಂಘಗಳಲ್ಲಿ ಕಲಿತ ವಿದ್ಯೆ

ನಾನು ಈ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದವನು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುಶಲಕರ್ಮಿಗಳಿಗಾಗಿ ದುಡಿಯುವ ಒಂದು ಸೇವಾ ಸಂಸ್ಥೆಯಲ್ಲಿದ್ದೇನೆ. ಜಾತ್ರೆಗೆ ಊರಿಗೆ ಬಂದಾಗಲೆಲ್ಲ ಹಿರಿಯರು ಪ್ರೀತಿಯಿಂದಲೇ ವಿಚಾರಿಸುತ್ತಾರೆ, ಇನ್ನೂ ಸರಿಯಾದ ನೌಕರಿ ಸಿಗಲಿಲ್ಲವೇ ಎಂದು. ಸಂಘಸಂಸ್ಥೆಯ ಕೆಲಸವೆಂದರೆ ಬೇರೆ ಕೆಲಸ ಸಿಗುವ ತನಕ ಕಾಲ ಕಳೆಯುವ ಜಾಗ, ಅಲ್ಲಿ ಬೆಳೆಯುವುದಕ್ಕೆ ಏನೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಕೊಡಬೇಕೆಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರರು ದೊಡ್ಡ ಸರ್ಕಾರಿ ಅಧಿಕಾರಿ. ಮಗಳು ಚಿಕ್ಕವಳಿದ್ದಾಗಲೇ ಅವರು ತೀರಿಕೊಂಡರು. ಮರಣಪತ್ರ ಬರೆದಿರಲಿಲ್ಲವಾದ್ದರಿಂದ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯವರು ಮಗಳನ್ನು ಓದಿಸುವುದನ್ನು ಬಿಡಲಿಲ್ಲ. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷದೊಳಗೆ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಯ ಬಾಳು ಅಲ್ಲಿಗೆ ಮುಗಿದಂತೆಯೇ. ಇವರು ಮದ್ರಾಸಿಗೆ ಓದಲು ಹೋದರು, ಕವಿ ಹರೀಂದ್ರನಾಥರನ್ನು ಮರುಮದುವೆಯಾದರು, ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. 1931ರ ಮೂಕಿಚಿತ್ರ 'ವಸಂತಸೇನಾ'ದಲ್ಲಿ ಅಭಿನಯಿಸಿದ್ದೂ ಉಂಟು. ಅದು ಬೇರೆಯೇ ಒಂದು ಲೇಖನದ ವಿಷಯ.

ನನಗೆ ಮುಖ್ಯವೆನಿಸುವುದು ಅವರು ಕೆಲಸ ಕಲಿತ ರೀತಿ. ಲಂಡನ್ನಿನಿಂದ ಮರಳಿದ ಮೇಲೆ ಸೇವಾದಳ ಸೇರಿದರು. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು. ಅಲ್ಲಿ ಮಹಿಳಾ ಸ್ವಯಂಸೇವಕರನ್ನು ಸೇರಿಸಿ ತರಬೇತಿ ಕೊಡುವ ಹೊಣೆ ಇವರದಾಯಿತು. ಮನೆಯಿಂದ ಹೊರಗೆ ಬಂದು ಅಭ್ಯಾಸವಿಲ್ಲದ ಹೆಂಗಸರನ್ನು ಹೊತ್ತಿಗೆ ಸರಿಯಾಗಿ ಒಂದೆಡೆ ಸೇರಿಸುವುದು ಎಷ್ಟು ಕಷ್ಟವೆಂದು ಊರಿನಲ್ಲಿ ಮಹಿಳಾ ಮಂಡಳಿ ನಡೆಸಿದವರಿಗೆ ಗೊತ್ತು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಸಂಘಟನಾ ಕಾರ್ಯದರ್ಶಿಯಾದರು. ಕಾರ್ಯದರ್ಶಿ ಎಂಬ ಪದ ಕೇಳಲು ಚೆನ್ನ. ಪತ್ರ ಬರೆಯುವುದು, ರೈಲಿನಲ್ಲಿ ಊರೂರು ಸುತ್ತುವುದು, ಚಂದಾ ಎತ್ತುವುದು, ಮುನಿಸಿಕೊಂಡವರನ್ನು ಸಮಾಧಾನಪಡಿಸುವುದು, ಇವೆಲ್ಲ ಆ ಪದದೊಳಗೇ ಇವೆ ಎಂದು ನನ್ನ ಸ್ವಂತ ಅನುಭವದಿಂದ ಹೇಳಬಲ್ಲೆ. ಆ ಸಮ್ಮೇಳನದ ಶ್ರಮದಿಂದಲೇ 1932ರಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. ನಡುವೆ ಉಪ್ಪಿನ ಸತ್ಯಾಗ್ರಹ ಬಂತು. ಮುಂಬಯಿಯ ಷೇರುಪೇಟೆಯೊಳಕ್ಕೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಜೈಲಿಗೂ ಹೋದರು.

ಸ್ವಾತಂತ್ರ್ಯ ಬಂದ ಮೇಲೆ ಅವರ ಜೊತೆಗಾರರಲ್ಲಿ ಅನೇಕರು ಮಂತ್ರಿಗಳಾದರು, ರಾಯಭಾರಿಗಳಾದರು. ಇವರು ನಿರಾಶ್ರಿತರ ಶಿಬಿರಗಳ ಕಡೆ ನಡೆದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆ ಕಟ್ಟಿ, ದೆಹಲಿ ಬಳಿಯ ಛತ್ತರ್‌ಪುರದಲ್ಲಿ ದೇಶವಿಭಜನೆಯಿಂದ ನೆಲೆ ಕಳೆದುಕೊಂಡವರಿಗಾಗಿ ಸಹಕಾರಿ ಬೇಸಾಯ ಆರಂಭಿಸಿದರು. ಆಮೇಲೆ ಫರೀದಾಬಾದ್. ವಾಯವ್ಯ ಗಡಿ ಪ್ರಾಂತದಿಂದ ಬಂದ ಸಾವಿರಾರು ಜನರಿಗೆ ಅಲ್ಲಿ ಹೊಸ ಊರೇ ಏಳಬೇಕಿತ್ತು. ಗುತ್ತಿಗೆದಾರರು ಮನೆ ಕಟ್ಟಿ ಬೀಗದ ಕೈ ಕೊಡುವುದು ಬೇಡ, ನಿರಾಶ್ರಿತರೇ ಸಹಕಾರ ಸಂಘ ಮಾಡಿಕೊಂಡು ಕಟ್ಟಲಿ, ಕೂಲಿಯೂ ಅವರಿಗೇ ಸಿಗಲಿ, ಕಸುಬೂ ಕೈಗೆ ಬರಲಿ ಎಂಬುದು ಸಂಸ್ಥೆಯ ಪಟ್ಟು. ಅಂಗಡಿ ಇಟ್ಟುಕೊಂಡಿದ್ದವರು, ಗುಮಾಸ್ತರಾಗಿದ್ದವರು ಕಲ್ಲುಮಣ್ಣು ಹೊರುವುದುಂಟೇ ಎಂಬ ಅನುಮಾನ ಸಹಜವೇ. ಆದರೂ ಊರು ಎದ್ದಿತು. ದಾನ ಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಜನ ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡುವುದಕ್ಕೂ ಇರುವ ಅಂತರವನ್ನು ನಮ್ಮ ಸಂಸ್ಥೆಗೆ ಹೊಸದಾಗಿ ಬರುವ ಹುಡುಗರಿಗೆ ವಿವರಿಸುವಾಗ ನಾನು ಫರೀದಾಬಾದಿನ ಕತೆಯನ್ನೇ ಹೇಳುತ್ತೇನೆ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು, ಅದಕ್ಕೆ ಅಧ್ಯಕ್ಷರಾದರು. ಅದೇ ಹೊತ್ತಿಗೆ ದೆಹಲಿಯ ಗುಡಿ ಕೈಗಾರಿಕೆಗಳ ಎಂಪೋರಿಯಂ ನಡೆಸುವ ಭಾರವನ್ನೂ ಸರ್ಕಾರ ಅವರ ಸಂಸ್ಥೆಗೇ ವಹಿಸಿತು. ಅದುವರೆಗೆ ಕಲಿತದ್ದೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಕುಂಬಾರ, ನೇಕಾರ, ಕಮ್ಮಾರ ಒಳ್ಳೆಯ ಮಾಲು ತಯಾರಿಸಿದರೆ ಸಾಲದು. ಕಚ್ಚಾ ಸಾಮಗ್ರಿ ಕೈಗೆಟುಕುವ ಬೆಲೆಗೆ ಸಿಗಬೇಕು, ದಲ್ಲಾಳಿಯ ಸಾಲದಿಂದ ಅವನು ಬಿಡಿಸಿಕೊಳ್ಳಬೇಕು, ಕೊಳ್ಳುವವರ ಅಭಿರುಚಿ ಅವನಿಗೆ ತಿಳಿಯಬೇಕು, ಮಾರಿದ ಹಣ ಹೊತ್ತಿಗೆ ಅವನ ಕೈ ಸೇರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕಸುಬು ಸಾಯುತ್ತದೆ. ಕಮಲಾದೇವಿಯವರು ಹಳ್ಳಿಹಳ್ಳಿ ತಿರುಗಿ ಕಸುಬುದಾರರ ಮನೆಯಲ್ಲೇ ಕುಳಿತು ಇದನ್ನು ಅರಿತರು. ನಶಿಸುತ್ತಿದ್ದ ಶ್ರೀಕಾಳಹಸ್ತಿಯ ಕಲಂಕಾರಿಗೆ, ಜೈಪುರದ ನೀಲಿ ಕುಂಬಾರಿಕೆಗೆ ಮತ್ತೆ ಜೀವ ಬರಲು ಅವರ ಆಸರೆ ಕಾರಣ. ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ಸಲ್ಲುವಂತಾದದ್ದೂ ಆ ಕಾಲದಲ್ಲೇ.

ಅವರ ಬದುಕು ಸುಖದ್ದಾಗಿತ್ತೆಂದು ನಾನು ಹೇಳಲಾರೆ. ಎರಡನೆಯ ದಾಂಪತ್ಯವೂ ಮುರಿಯಿತು. ಸಂಸ್ಥೆಯ ಕೆಲಸದಲ್ಲಿ ಹಣವಿಲ್ಲ ಎನ್ನುವ ಹಿರಿಯರ ಮಾತಿನಲ್ಲಿ ಸುಳ್ಳೂ ಇಲ್ಲ, ನನ್ನ ಮನೆಯವರಿಗೇ ಅದು ಚೆನ್ನಾಗಿ ಗೊತ್ತು. ಆದರೆ ಅಲ್ಲಿ ಬೆಳೆಯಲು ಏನೂ ಇಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು. ದೆಹಲಿಯ ನಿರಾಶ್ರಿತ ಶಿಬಿರದಲ್ಲಿ ತರುಣ ಕಾರ್ಯಕರ್ತನಾಗಿದ್ದು, ಅವರ ಯೂನಿಯನ್ನಿನಲ್ಲೇ ಕೆಲಸ ಕಲಿತು ಬೆಳೆದ ಲಕ್ಷ್ಮೀಚಂದ್ ಜೈನರಿಗೆ ಮರುವರ್ಷ ಅದೇ ಮ್ಯಾಗ್ಸೆಸೆ ಪ್ರಶಸ್ತಿ ಬಂತು.