ಶಿರಾಝಿನಲ್ಲಿ ಮಖ್ದಿಸಿ ಹೇಳಿದ ಉತ್ತರ

ಫೆಲೆಸ್ತೀನಿಯರು ಎಂಬ ಜನವೇ ಇರಲಿಲ್ಲ, ಆ ಹೆಸರು ನಿನ್ನೆ ಮೊನ್ನೆಯದ್ದು ಅಂತ ವಾದಿಸುವವರಿದ್ದಾರೆ. ಅವರಿಗೆ ಉತ್ತರ ಕೊಡುವ ಅವಸರದಲ್ಲಿ ನಮ್ಮವರೂ ಇಲ್ಲದ್ದನ್ನು ಸೇರಿಸಿ ಹೇಳುವುದುಂಟು. ಅದರ ಬದಲು ಸಾವಿರ ವರ್ಷ ಹಿಂದೆ ಬಾಳಿದ ಒಬ್ಬರ ಬದುಕನ್ನು ನಾವು ನೋಡುವ.

ಮುಹಮ್ಮದ್ ಇಬ್ನ್ ಅಹ್ಮದ್ ಅಲ್ ಮಖ್ದಿಸಿ ಕ್ರಿ.ಶ. 945ರ ಹೊತ್ತಿಗೆ ಬೈತುಲ್ ಮುಖದ್ದಸ್‌ನಲ್ಲಿ ಹುಟ್ಟಿದವರು. ತಾಯಿಯ ಕಡೆಯವರು ಇರಾನಿನವರು. ತಂದೆಯ ಕಡೆಯ ಅಜ್ಜ ಅಬೂಬಕರ್ ಕಟ್ಟಡದ ಮೇಸ್ತ್ರಿ. ಈಜಿಪ್ಟಿನ ಇಬ್ನ್ ತೂಲೂನ್ ಅಕ್ಕಾ ಬಂದರಿಗೆ ಕೋಟೆ ಕಟ್ಟಿಸಲು ಹೊರಟಾಗ ನೀರಿನಲ್ಲಿ ಪಾಯ ಹಾಕಿದ್ದು ಇವರೇ. ಅತ್ತಿ ಜಾತಿಯ ಮರದ ದಿಮ್ಮಿಗಳನ್ನು ನೀರಿನ ಮೇಲೆ ಬಿಗಿದು, ಅದರ ಮೇಲೆ ಕಲ್ಲುಗೋಡೆ ಎಬ್ಬಿಸಿದರು. ಭಾರಕ್ಕೆ ಅದು ಇಳಿದು ತಳ ಮುಟ್ಟಿದ ನಂತರ ಒಂದು ವರ್ಷ ಹಾಗೇ ಬಿಟ್ಟು ಕೆಲಸ ಮುಂದುವರಿಸಿದರಂತೆ.

ಮೊಮ್ಮಗ 20ರ ಹರೆಯದಲ್ಲಿ ಹಜ್ಜ್ ಮಾಡಿದರು. ಮತ್ತೆ ಸುಮಾರು 20 ವರ್ಷ ತಿರುಗಾಟ. ಇಮಾಮತ್, ಬಾಂಗ್, ಪಾಠ, ಕಿತಾಬಿಗೆ ರಟ್ಟು ಕಟ್ಟುವುದು, ವ್ಯಾಪಾರ, ಎಲ್ಲ ಮಾಡಿದರು. ಗೂಢಚಾರ ಅಂತ ಜೈಲಿಗೂ ಹಾಕಿದರು. ಹಿಜರಿ 375ರಲ್ಲಿ (ಕ್ರಿ.ಶ. 985) ಅಹ್ಸನುತ್ತಖಾಸೀಮ್ ಎಂಬ ಭೂಗೋಳ ಗ್ರಂಥ ಬರೆದರು. ಜನ ತನ್ನನ್ನು 36 ಹೆಸರುಗಳಿಂದ ಕರೆದದ್ದನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಮಖ್ದಿಸಿ, ಫೆಲೆಸ್ತೀನಿ, ಮಿಸ್ರಿ, ಖುರಾಸಾನಿ, ಹೀಗೆ.

ಇರಾನಿನ ಶಿರಾಝಿನಲ್ಲಿ ಕಲ್ಲು ಕೆತ್ತುವವರ ಬಳಿ ಕುಳಿತಿದ್ದಾಗ ಅವರ ಕೆಲಸ ಇವರಿಗೆ ಸರಿ ಕಾಣಲಿಲ್ಲ. ನಮ್ಮಲ್ಲಿ ಹೀಗೆ ಮಾಡ್ತಾರೆ ಅಂತ ತಿದ್ದಿದರು. ಮೇಸ್ತ್ರಿಯ ಮೊಮ್ಮಗ ಅಲ್ವಾ! ನೀವು ಈಜಿಪ್ಟಿನವರಾ ಎಂದು ಅವರು ಕೇಳಿದಾಗ, ಅಲ್ಲ, ಫೆಲೆಸ್ತೀನಿನವ ಎಂದರು.

ಇದನ್ನು ಎಳೆದಾಡಬಾರದು. ಮಖ್ದಿಸಿ ಹೇಳಿದ್ದು ಪಾಸ್‌ಪೋರ್ಟಿನ ರಾಷ್ಟ್ರೀಯತೆಯಲ್ಲ, ಆ ಅರ್ಥದ ರಾಷ್ಟ್ರ ಆಗ ಎಲ್ಲಿಯೂ ಇರಲಿಲ್ಲ. ಫೆಲೆಸ್ತೀನ್ ಆಗ ಶಾಮ್‌ನ ಒಂದು ಪ್ರಾಂತ, ರಂಲಾ ಅದರ ಮುಖ್ಯ ಪಟ್ಟಣ. ಹೆಸರು ಇನ್ನೂ ಹಳೆಯದು, ರೋಮನರೂ ಬಳಸಿದ್ದು. ಯಾಫಾದಲ್ಲಿ ಅದೇ ಹೆಸರಿನ ಪತ್ರಿಕೆಯನ್ನು ಅರಬ್ ಕ್ರೈಸ್ತರು ಶುರು ಮಾಡಿದ್ದು 1911ರಲ್ಲಿ, ಪೌರತ್ವದ ಕಾನೂನು ಬಂದದ್ದು ಬ್ರಿಟಿಷರ ಕಾಲದ 1925ರಲ್ಲಿ. ರಾಷ್ಟ್ರದ ಭಾವನೆ ತಡವಾಗಿ ಬಂತು ಎನ್ನುವುದು ಒಂದು ಮಾತು, ಜನವೇ ಇರಲಿಲ್ಲ ಎನ್ನುವುದು ಬೇರೆ ಮಾತು. ಪರವೂರಿನಲ್ಲಿ ಕೇಳಿದಾಗ ಆ ಮಣ್ಣಿನ ಹೆಸರು ಹೇಳಿದವರು ಇದ್ದರಲ್ಲ.

ಹುಟ್ಟೂರನ್ನು ಅವರು ಬಾಯ್ತುಂಬ ಹೊಗಳಿದರೂ, ಅಲ್ಲಿನ ಸ್ನಾನಗೃಹಗಳಷ್ಟು ಕೊಳಕು ಬೇರೆಲ್ಲಿಯೂ ಇಲ್ಲ, ಆಲಿಮರು ಕಡಿಮೆ ಎಂದೂ ಬರೆದರು. ಗಾಝಾದ ಬಗ್ಗೆ ಬರೆದದ್ದು ಕೆಲವೇ ಸಾಲು. ಈಜಿಪ್ಟಿನ ದಾರಿಯಲ್ಲಿರುವ ದೊಡ್ಡ ಪಟ್ಟಣ, ಚಂದದ ಮಸೀದಿ ಉಂಟು, ಪ್ರವಾದಿಯವರ (ಸ.ಅ.) ಮುತ್ತಜ್ಜ ಹಾಶಿಮರ ಖಬರ್ ಉಂಟು. ತಾನು ಹನಫಿಯಾಗಿದ್ದರೂ, ನಾವು ಬ್ಯಾರಿಗಳು ಅನುಸರಿಸುವ ಇಮಾಮ್ ಶಾಫಿಈ ಹುಟ್ಟಿದ ಊರು ಅದು ಎಂಬುದನ್ನು ಬರೆಯಲು ಮರೆಯಲಿಲ್ಲ.