ಮದ್ಯವರ್ಜನದ ಪ್ರೇಷಿತ ಫಾದರ್ ಮ್ಯಾಥ್ಯೂ

ಅಮಲಿನಲ್ಲಿ ಮಡದಿಯ ಮೇಲೆ ಕೈಯೆತ್ತಿದವನು ಮರುದಿನ ತಪ್ಪನ್ನೆಲ್ಲ ಹೆಂಡದ ಮೇಲೆ ಹೊರಿಸುವುದು ಎಲ್ಲ ದೇಶಗಳ ವಾಡಿಕೆ. ಮತಿಗೆಟ್ಟವನಿಗೆ ಸಂಕಲ್ಪ ಸ್ವಾತಂತ್ರ್ಯವೆಲ್ಲಿಯದು ಎಂಬ ವಾದ ಮೇಲ್ನೋಟಕ್ಕೆ ಸರಿಯೇ. ಆದರೆ ಅಂಥವನ ದೋಷ ತುಸು ತಗ್ಗಬಹುದೇ ಹೊರತು ಅಳಿಯದೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಮೊದಲ ಬಟ್ಟಲಿಗೆ ಕೈಚಾಚಿದಾಗ ಅವನ ಬುದ್ಧಿ ಸ್ವಸ್ಥವಾಗಿಯೇ ಇತ್ತಲ್ಲವೇ? ಈ ತತ್ತ್ವವನ್ನು ಬೀದಿಗೆ ತಂದವರು ಐರ್ಲೆಂಡಿನ ಕಪುಚಿನ್ ಗುರು ಥಿಯೋಬಾಲ್ಡ್ ಮ್ಯಾಥ್ಯೂ.

1790ರಲ್ಲಿ ಟಿಪ್ಪರರಿ ಸೀಮೆಯಲ್ಲಿ ಜನಿಸಿದ ಅವರು ಮೇನೂತ್ ಗುರುಮಠವನ್ನು ಅರ್ಧದಲ್ಲೇ ತೊರೆಯಬೇಕಾಯಿತು. ನಿಯಮ ಮೀರಿ ಗೆಳೆಯರಿಗೆ ಕೋಣೆಯಲ್ಲಿ ಔತಣವಿತ್ತದ್ದೇ ಕಾರಣ! 1814ರಲ್ಲಿ ಗುರುದೀಕ್ಷೆ ಪಡೆದು, ಕಾರ್ಕ್ ನಗರದ ಬಡವರ ನಡುವೆ ನೆಲೆಸಿದರು. ಅವರನ್ನು ಮದ್ಯವರ್ಜನ ಕಾರ್ಯಕ್ಕೆ ಎಳೆದು ತಂದವರು ಕ್ವೇಕರ್ ಪಂಥದ ವಿಲಿಯಂ ಮಾರ್ಟಿನ್. 1838ರ ಏಪ್ರಿಲ್ 10ರಂದು ಫಾದರ್ ಮ್ಯಾಥ್ಯೂ ಪ್ರತಿಜ್ಞಾಪುಸ್ತಕದಲ್ಲಿ ತಾವೇ ಮೊದಲು ಸಹಿ ಹಾಕಿದರು.

ಅಲ್ಲಿ ಕಾನೂನಿನ ಬಲವಿರಲಿಲ್ಲ, ದಂಡನೆಯಿರಲಿಲ್ಲ. ಮನುಷ್ಯನು ಸ್ವಸ್ಥಚಿತ್ತನಾಗಿ ಮೊಣಕಾಲೂರಿ, ದೇವರ ನೆರವಿನಿಂದ ಮದ್ಯವನ್ನು ತ್ಯಜಿಸುವುದಾಗಿಯೂ, ಬುದ್ಧಿಮಾತಿನಿಂದಲೂ ಸ್ವಂತ ನಡತೆಯಿಂದಲೂ ಇತರರನ್ನು ಕುಡಿತದಿಂದ ತಡೆಯುವುದಾಗಿಯೂ ಮಾತು ಕೊಡಬೇಕಿತ್ತು. ಅಂದರೆ ನೆರೆಯವನ ಪತನಕ್ಕೂ ತಾನೊಂದಿಷ್ಟು ಹೊಣೆ. ಅವರ ಹತ್ತಿರದ ಬಂಧುಗಳೇ ಮದ್ಯದ ಭಟ್ಟಿ ನಡೆಸುತ್ತಿದ್ದರು, ಫಾದರ್ ಹಿಂಜರಿಯಲಿಲ್ಲ. ಐರ್ಲೆಂಡಿನಲ್ಲಿ 1839ರಲ್ಲಿ 14 ಲಕ್ಷ ಪೌಂಡಿಗೂ ಮೀರಿದ್ದ ಮದ್ಯದ ಸುಂಕ 1844ರ ಹೊತ್ತಿಗೆ ಸುಮಾರು 8.5 ಲಕ್ಷಕ್ಕೆ ಇಳಿಯಿತು.

ಆದರೂ ಒಂದು ಕೊರತೆ ಉಳಿಯಿತು. ಫಾದರ್ ಕೊಡುತ್ತಿದ್ದ ಪದಕವನ್ನು ಅನೇಕರು ತಾಯಿತವೆಂದೇ ನಂಬಿದರು. ಅವರು ಮುಟ್ಟಿದರೆ ಸಾಕು, ಚಟ ಬಿಟ್ಟೀತೆಂದು ಬಂದರು. ಹೆಂಡದ ಮೇಲಿದ್ದ ಹೊಣೆ ಈಗ ಗುರುವಿನ ಮೇಲೆ ಬಿತ್ತು, ಅಷ್ಟೇ! ಪದಕಗಳನ್ನು ಬಡವರಿಗೆ ಪುಕ್ಕಟೆ ಹಂಚಿ ಅವರು ಸಾಲಗಾರರಾದರು, ಬಂಧನಕ್ಕೂ ಒಳಗಾದರು. 1845ರಲ್ಲಿ ತಲೆದೋರಿದ ಮಹಾಕ್ಷಾಮ ಜನರನ್ನೂ ಚಳವಳಿಯನ್ನೂ ಕುಗ್ಗಿಸಿತು.

1849ರಿಂದ 1851ರವರೆಗೆ ಅವರು ಅಮೆರಿಕದಲ್ಲಿ ಸಂಚರಿಸಿದರು. ಹಿಂದೆ ಗುಲಾಮಗಿರಿಯ ವಿರುದ್ಧದ ಮನವಿಗೆ ಸಹಿ ಹಾಕಿದ್ದ ಅವರು, ಮದ್ಯವರ್ಜನ ಕಾರ್ಯಕ್ಕೆ ಧಕ್ಕೆಯಾದೀತೆಂದು ಅಲ್ಲಿ ಬಾಯಿ ಬಿಡಲಿಲ್ಲ. ಇದನ್ನು ಒಪ್ಪುವುದು ನನಗೆ ಕಷ್ಟ.

ಪಾರ್ಶ್ವವಾಯುವಿನಿಂದ ಬಳಲಿ, 1856ರ ಡಿಸೆಂಬರ್ 8ರಂದು ಫಾದರ್ ಮ್ಯಾಥ್ಯೂ ತೀರಿಕೊಂಡರು. ಅದೇ ವರ್ಷ ಡಬ್ಲಿನ್ನಿನಲ್ಲಿ ಹುಟ್ಟಿದ್ದ ಮ್ಯಾಟ್ ಟಾಲ್ಬೊಟ್ ಎಂಬ ಕೂಲಿಕಾರ, ವರ್ಷಗಟ್ಟಲೆ ಕುಡಿದ ಬಳಿಕ 1884ರಲ್ಲಿ ಅಂಥದೇ ಪ್ರತಿಜ್ಞೆ ಕೈಗೊಂಡರು, ಮೊದಲು ಮೂರು ತಿಂಗಳಿಗೆ ಮಾತ್ರ. 1925ರಲ್ಲಿ ಬಲಿಪೂಜೆಗೆ ಹೋಗುವ ಹಾದಿಯಲ್ಲಿ ಕುಸಿದು ಸಾಯುವವರೆಗೂ ಅವರು ಮತ್ತೆ ಬಟ್ಟಲು ಮುಟ್ಟಲಿಲ್ಲ.